ತಿರುಗಿ ಹೋದವರು

"ಎಷ್ಟಾಯ್ತು?" ಎಂದು ಅಂಚೆಯಮ್ಮ ಮೂರನೇ ಸಲ ಕೇಳಿದಾಗ ಗುಮಾಸ್ತ ಹಾಳೆಯಿಂದ ತಲೆ ಎತ್ತದೆ "ಐದು" ಎಂದ. ಆ ಐದರಲ್ಲಿ ಎರಡು ಅವಳವೇ. ಎಂಟು ಗಂಟೆಗೆ ಅಕ್ಕನಿಗೆ ಸ್ನಾನ ಮಾಡಿಸಲು ರಸ್ತೆ ದಾಟಿ ಹೋದದ್ದೊಂದು, ಜೀವ ಕೈಯಲ್ಲಿ ಹಿಡಿದು ವಾಪಸ್ ಬಂದದ್ದೊಂದು.

ಗುಮಾಸ್ತನದು ಎಣಿಸುವ ಕೆಲಸ. ಎಂಟರಿಂದ ಹನ್ನೊಂದರವರೆಗೆ ಮಡಚುವ ಸ್ಟೂಲಿನ ಮೇಲೆ ಕೂತು, ನಡೆದು ರಸ್ತೆ ದಾಟುವವರಿಗೆ ಒಂದೊಂದು ಗೀಟು ಹಾಕಬೇಕು. ನೂರು ಜನ ದಾಟಿದರೆ ಇಲ್ಲಿ ಬಿಳಿ ಪಟ್ಟೆ ಬಳಿದು ಸಿಗ್ನಲ್ ಹಾಕುತ್ತಾರೆ. ಕಡಿಮೆಯಾದರೆ, ಇಲ್ಲಿ ನಡೆಯುವವರೇ ಇಲ್ಲವೆಂದು ಡಿವೈಡರಿನ ಸಂದನ್ನು ಕಬ್ಬಿಣದ ಬೇಲಿಯಿಂದ ಮುಚ್ಚುತ್ತಾರೆ. ಬೇಲಿ ಆಗಲೇ ಬಂದು ಫುಟ್‌ಪಾತ್ ಮೇಲೆ ಬಿದ್ದಿತ್ತು. ಫುಟ್‌ಪಾತ್ ಇರುವುದೇ ಸಾಮಾನು ಹಾಕುವುದಕ್ಕಲ್ಲವೇ! ಜೋರಾಗಿ ಓಡುವುದು ಗಾಡಿಗಳು, ಬೇಲಿ ಮಾತ್ರ ನಡೆಯುವವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಕ್ಕನ ಮನೆ ಸರಿಯಾಗಿ ಎದುರುಗಡೆ. ರಸ್ತೆ ಅಗಲವಾಗುವ ಮೊದಲು ಇಪ್ಪತ್ತು ಹೆಜ್ಜೆ ದೂರವಿತ್ತು. ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅಕ್ಕ ವಾಕರ್ ಹಿಡಿದು ಗೇಟು ದಾಟಿದರೆ ಅದೇ ಹೆಚ್ಚು. ಸ್ನಾನ, ಊಟ, ಔಷಧಿ ಎಂದು ದಿನಕ್ಕೆ ಮೂರು ಸಲ ತಂಗಿಯೇ ಹೋಗಬೇಕು. ಸಂದು ಮುಚ್ಚಿದರೆ ಉಳಿಯುವುದು ಒಂದು ಕಿಲೋಮೀಟರ್ ಆಚೆಗಿನ ಮೇಲ್ಸೇತುವೆ, ಅದಕ್ಕೆ ಐವತ್ತೆಂಟು ಮೆಟ್ಟಿಲು. ಮೂವತ್ತೊಂದು ವರ್ಷ ಮನೆಮನೆಗೆ ಕಾಗದ ಹಂಚಿದ ಮಂಡಿಗಳು ಐದನೇ ಮೆಟ್ಟಿಲಿಗೇ ಕೈಕೊಡುತ್ತಿದ್ದವು.

ಗುಮಾಸ್ತ ಕೆಟ್ಟವನೇನಲ್ಲ. ನಾಲ್ಕು ಊರಲ್ಲಿ ಹೀಗೇ ಕೂತು ಎಣಿಸಿದವನು. ಒಂದೂರಿನಲ್ಲಿ ಜನ ಆಶೀರ್ವಾದ ಮಾಡುವವರಂತೆ ಕೈ ಎತ್ತಿಕೊಂಡೇ ನುಗ್ಗುತ್ತಾರೆ, ಇನ್ನೊಂದೂರಿನಲ್ಲಿ ಹತ್ತು ಜನ ಸೇರುವ ತನಕ ಕಾದು ಹಿಂಡಾಗಿ ಇಳಿಯುತ್ತಾರೆ ಎಂದೆಲ್ಲ ಹೇಳಿದ. ಮತ್ತೊಂದೂರಿನಲ್ಲಂತೂ ಕಾಲು ಕೆಳಗಿಟ್ಟರೆ ಸಾಕು, ಬಸ್ಸು ನಿಲ್ಲುತ್ತದಂತೆ. ಮೊದಲ ದಿನ ಅವನೇ ಗಾಬರಿಯಾಗಿ, ನಿಂತ ಬಸ್ಸಿಗೆ ನಮಸ್ಕಾರ ಮಾಡಿಬಿಟ್ಟಿದ್ದನಂತೆ.

ಅಷ್ಟರಲ್ಲಿ ಒಬ್ಬ ಬಸುರಿ ಬಂದಳು. ಒಂದು ಹೆಜ್ಜೆ ರಸ್ತೆಗೆ ಇಳಿದಳು, ಲಾರಿ ಹಾರ್ನ್ ಹೊಡೆಯಿತು, ಮತ್ತೆ ಫುಟ್‌ಪಾತ್ ಹತ್ತಿದಳು. ಮೂರು ಸಲ ಹಾಗೆ ಮಾಡಿ, ಬಂದ ದಾರಿಯಲ್ಲೇ ಹೊರಟುಹೋದಳು. ಗುಮಾಸ್ತನ ಪೆನ್ನು ಅಲ್ಲಾಡಲಿಲ್ಲ.

"ಅವಳನ್ನ ಯಾಕೆ ಬರೀಲಿಲ್ಲ?"

"ಅವರು ದಾಟಲಿಲ್ಲವಲ್ಲಮ್ಮ. ದಾಟದವರಿಗೆ ನನ್ನ ಹಾಳೇಲಿ ಜಾಗ ಇಲ್ಲ."

"ನಮ್ಮಲ್ಲಿ ತಲುಪದ ಕಾಗದಕ್ಕೂ ಲೆಕ್ಕ ಇತ್ತು ಕಣ್ರೀ. ಮನೆ ಬೀಗ ಹಾಕಿದೆ, ನಾಯಿ ಬಿಡಲಿಲ್ಲ, ಏನಿದೆಯೋ ಅದನ್ನ ಕಾಗದದ ಮೇಲೇ ಬರೆದು ವಾಪಸ್ ತರಬೇಕಿತ್ತು. ಬರೀದೆ ತಂದ್ರೆ ಪೋಸ್ಟ್ ಮಾಸ್ಟರು ಒಳಗೇ ಬಿಡ್ತಿರಲಿಲ್ಲ. ಹಾಳೆ ತಿರುಗಿಸಿ. ಹಿಂದೆ ಖಾಲಿ ಇದೆಯಲ್ಲ, ಗೆರೆ ಎಳೀರಿ."

ಆಗುವುದಿಲ್ಲ, ಸಾಹೇಬರು ಬೈಯುತ್ತಾರೆ, ಇಲಾಖೆಯ ನಮೂನೆಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಅವನು ರಾಗ ಎಳೆದ. ಅವಳು ಬೇಲಿಯ ರಾಶಿಯ ಮೇಲೆ ಗಟ್ಟಿಯಾಗಿ ಕೂತಳು. ಅಂಗವಿಕಲನೊಬ್ಬ ಗಾಲಿ ಕುರ್ಚಿಯಲ್ಲಿ ಬಂದು ನೋಡಿ ತಿರುಗಿದ. ತರಕಾರಿ ಚೀಲದ ದಂಪತಿ ಬಂದು, ಜಗಳವಾಡಿ, ತಿರುಗಿದರು. ಪ್ರತಿ ಸಲವೂ ಅವಳು ಗುಮಾಸ್ತನ ಮುಖ ನೋಡಿದಳು. ಕೊನೆಗೆ ಅವನೇ ಸೋತು ಹಾಳೆ ತಿರುಗಿಸಿ, ಸ್ಕೇಲ್ ಇಟ್ಟು ಗೆರೆ ಎಳೆದ. ಗಂಡಸರು, ಹೆಂಗಸರು, ಮಕ್ಕಳು. ಮೇಲೆ ದಪ್ಪ ಅಕ್ಷರದಲ್ಲಿ 'ತಿರುಗಿ ಹೋದವರು' ಎಂದು ಬರೆದ. ಬಸುರಿಯನ್ನೂ ಮರೆಯದೆ ಸೇರಿಸಿದ.

ಹತ್ತು ಗಂಟೆಗೆ ಎದುರುಗಡೆ ಅಕ್ಕ ವಾಕರ್ ಊರುತ್ತಾ ಗೇಟು ದಾಟಿ ರಸ್ತೆಯ ಅಂಚಿಗೇ ಬಂದು ನಿಂತಳು. ತಂಗಿ ಅಲ್ಲೇನು ಮಾಡುತ್ತಿದ್ದಾಳೆಂದು ನೋಡಲು ಬಂದಿರಬೇಕು. ಒಂದು ನಿಮಿಷ ನಿಂತಳು, ಕೈ ಬೀಸಿದಳು, ಮೆಲ್ಲಗೆ ಹಿಂದಕ್ಕೆ ಹೋಗಿ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಅಂಚೆಯಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಗುಮಾಸ್ತ ಏನೂ ಕೇಳದೆ ಹೆಂಗಸರ ಕೆಳಗೆ ಒಂದು ಗೀಟು ಹಾಕಿದ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಹಾಳೆ ಒಯ್ಯಲು ಎಂಜಿನಿಯರ್ ಸಾಹೇಬರು ಬಂದರು. ಬಂದ ಕಾರು ಅಕ್ಕನ ಗೇಟಿನ ಮುಂದೆ ನಿಂತಿತು. ಅಲ್ಲಿಂದಲೇ ಫೋನ್ ಮಾಡಿ ಎಷ್ಟಾಯಿತೆಂದು ಕೇಳಿದರು. ದಾಟಿದವರು ಒಂಬತ್ತು ಎಂದ ಗುಮಾಸ್ತ. ಹಾಗಾದರೆ ಬೇಲಿಯೇ ಸರಿ, ಹಾಳೆ ತಗೊಂಡು ಈ ಕಡೆ ಬಾ ಎಂದರು.

ಗುಮಾಸ್ತ ಅಂಚೆಯಮ್ಮನ ಕಡೆ ನೋಡಿದ. ಅವಳು ಕದಲಲಿಲ್ಲ.

"ಹನ್ನೊಂದರ ತನಕ ಜಾಗ ಬಿಟ್ಟು ಏಳಬಾರದು ಅಂತ ನಿಮ್ಮದೇ ಆರ್ಡರ್ ಸಾರ್," ಎಂದ ಗುಮಾಸ್ತ. "ನೀವೇ ಬನ್ನಿ. ಹಾಳೆ ಹಿಂದೆ ಇನ್ನೊಂದು ಲೆಕ್ಕ ಇದೆ. ನೂರಾ ನಲವತ್ತಾರು."

ಸಾಹೇಬರು ಫೋನ್ ಜೇಬಿಗೆ ಹಾಕಿ ರಸ್ತೆಗೆ ಇಳಿದರು. ಬಸ್ಸೊಂದು ಮೈಮೇಲೇ ಬಂದಂತೆ ಬಂತು, ಹಿಂದಕ್ಕೆ ಫುಟ್‌ಪಾತ್ ಹತ್ತಿದರು. ಮತ್ತೆ ಇಳಿದರು. ಈ ಸಲ ಮೂರು ಹೆಜ್ಜೆ ಬಂದು, ಎರಡೂ ಕೈ ಮೇಲೆತ್ತಿ, ಬಂದ ಕಡೆಗೇ ಓಡಿಹೋಗಿ ಅಕ್ಕನ ಗೇಟಿನ ಮುಂದಿನ ಅಂಚಿನ ಮೇಲೆ ನಿಂತು ಉಸಿರುಬಿಟ್ಟರು.

"ಬರ್ಕೊಳ್ಳಿ," ಎಂದಳು ಅಂಚೆಯಮ್ಮ.

"ಅಮ್ಮಾ, ಅವರು ನಮ್ಮ ಸಾಹೇಬ್ರು."

"ಆಗಲಿ. ಗಂಡಸರ ಕೆಳಗೆ ಬರೀರಿ."

ಗುಮಾಸ್ತ ನೂರಾ ನಲವತ್ತೇಳನೆಯ ಗೀಟು ಎಳೆದ. ಎದುರುಗಡೆ, ಕಲ್ಲುಬೆಂಚಿನ ಮೇಲೆ ಕೂತಿದ್ದ ಅಕ್ಕ ತುಸು ಸರಿದು, ಸಾಹೇಬರಿಗೂ ಜಾಗ ಮಾಡಿಕೊಟ್ಟಳು.