ಗಂಟೆಮ್ಮನ ನಿದ್ದೆ

ಸೊಸೆ ಬಾಗಿಲು ತೆರೆದರೆ ನಡುಮನೆಯಲ್ಲಿ ತೊಟ್ಟಿಲು. ವರ್ಷಗಟ್ಟಲೆ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದದ್ದು ಇವತ್ತು ಕೆಳಗಿಳಿದು, ಮೈ ಉಜ್ಜಿಸಿಕೊಳ್ಳುತ್ತ ಕೂತಿತ್ತು. ಅತ್ತೆ ಉಪ್ಪುಕಾಗದ ಹಿಡಿದು ಅದರ ಕಾಲುಗಳನ್ನು ಗಸಗಸ ತಿಕ್ಕುತ್ತಿದ್ದರು.

"ಬಂದ್ಯಾ? ಕೂತ್ಕೋ. ಭಾರ ಎತ್ಬೇಡ," ಎನ್ನುತ್ತ ಎದ್ದು ಬಂದು, ಅವಳ ಕೈಯಲ್ಲಿದ್ದ ಖಾಲಿ ಊಟದ ಡಬ್ಬಿಯನ್ನು ಕಸಿದುಕೊಂಡರು.

ಸೊಸೆಗೆ ಮೂರು ತಿಂಗಳಿಂದ ಮುಟ್ಟಾಗದಿದ್ದದ್ದು ನಿಜ. ಸುಸ್ತು, ಊಟ ಸೇರದಿರುವುದು, ಮಾತುಮಾತಿಗೆ ಸಿಡುಕು, ಅವೂ ನಿಜ. ಎಲ್ಲವನ್ನೂ ಕೂಡಿಸಿ ಅತ್ತೆ ತಮ್ಮಷ್ಟಕ್ಕೆ ಒಂದು ಮೊಮ್ಮಗುವನ್ನು ಹುಟ್ಟಿಸಿಕೊಂಡಿದ್ದರು. ಆದರೆ ಇವತ್ತು ಪಾಳಿ ಮುಗಿಸಿ ಡಾಕ್ಟರಮ್ಮನ ಹತ್ತಿರ ಹೋಗಿದ್ದಾಗ ಅವರು ಪರೀಕ್ಷೆಯ ವರದಿ ನೋಡಿ, ಬಸಿರು ಅಲ್ಲವೇ ಅಲ್ಲ ಎಂದಿದ್ದರು. ಗಂಡನಿಗೆ ಫೋನು ಮಾಡಿದರೆ ಆ ಪುಣ್ಯಾತ್ಮ "ಅಮ್ಮನಿಗೆ ನೀನೇ ಹೇಳಿಬಿಡು" ಎಂದು ಮೆಲ್ಲಗೆ ಜಾರಿಕೊಂಡಿದ್ದ.

ಹೇಳುವುದು ಅಷ್ಟು ಸುಲಭವೇ? ಅತ್ತೆ ಅವಳನ್ನು ಯಾವತ್ತೂ ಗೋಳು ಹೊಯ್ದುಕೊಂಡವರಲ್ಲ, ಹಾಗಂತ ತಲೆ ಮೇಲೆ ಹೊತ್ತು ಮೆರೆಸಿದವರೂ ಅಲ್ಲ. ಈಚೆಗೆ ಮಾತ್ರ ಕಿತ್ತಳೆ ಸುಲಿದು, ನಾರು ತೆಗೆದು, ಒಂದೊಂದೇ ತೊಳೆಯನ್ನು ಕೈಗಿಡುತ್ತಿದ್ದರು. ಹಾಸ್ಟೆಲುಗಳಲ್ಲೇ ಬೆಳೆದ ಸೊಸೆಗೆ ಅದರ ರುಚಿ ಹತ್ತಿಬಿಟ್ಟಿತ್ತು. ನಿಜ ಹೇಳಿದರೆ ಕಿತ್ತಳೆ ನಿಲ್ಲುತ್ತದೆ. ಆ ಅಕ್ಕರೆಯೆಲ್ಲ ತನಗಲ್ಲ, ಇಲ್ಲದ ಮಗುವಿಗೆ ಎಂದು ಖಾತ್ರಿಯಾಗಿಬಿಡುತ್ತದೆ. ಅದೇ ಅವಳಿಗೆ ಭಯ.

"ಅತ್ತೆ, ಉಜ್ಜೋದು ನಿಲ್ಲಿಸಿ. ನಾನು ಬಸುರಿ ಅಲ್ಲ."

ಉಪ್ಪುಕಾಗದ ಗಕ್ಕನೆ ನಿಂತಿತು. "ಮತ್ತೆ ಮುಟ್ಟು ಯಾಕೆ ನಿಂತಿದೆ?"

"ಟೆನ್ಶನ್‌ಗಂತೆ."

"ಟೆನ್ಶನ್ ತಲೆಗಲ್ವೇನೇ ಬರೋದು? ಅದು ಹೊಟ್ಟೆ ಕೆಳಗೆ ಯಾಕೆ ಇಳೀತು?"

ಡಾಕ್ಟರಮ್ಮ ಚಿತ್ರ ಬರೆದು ವಿವರಿಸಿದ್ದರು. ಅದನ್ನು ಅತ್ತೆಯ ತಲೆಗೆ ಹೋಗುವಂತೆ ಹೇಳುವುದು ಹೇಗೆ? ಸೊಸೆಗೆ ಚೆನ್ನಾಗಿ ಗೊತ್ತಿದ್ದದ್ದು ತನ್ನ ಅಗ್ನಿಶಾಮಕ ಠಾಣೆಯೊಂದೇ. ಅಲ್ಲಿ ಫೋನೆತ್ತಿ, ವಿಳಾಸ ಕೇಳಿ, ಗಂಟೆ ಒತ್ತುವುದು ಅವಳ ಕೆಲಸ. ಜೊತೆಯವರು ಅವಳನ್ನು ಕರೆಯುತ್ತಿದ್ದದ್ದೇ ಗಂಟೆಮ್ಮ ಎಂದು.

"ನಮ್ಮಲ್ಲಿ ಗಂಟೆ ಹೊಡೆದ್ರೆ ಎಲ್ಲರೂ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡ್ತಾರೆ ಅತ್ತೆ. ಒಲೆ ಆರಿಸ್ತಾರೆ, ಊಟ ಅರ್ಧಕ್ಕೇ ಬಿಡ್ತಾರೆ. ಡ್ರೈವರಣ್ಣ ಒಂದ್ಸಲ ಅರ್ಧ ಮೀಸೆ ಬೋಳಿಸ್ಕೊಂಡೇ ಗಾಡಿ ಹತ್ತಿದ್ದ. ಮೈಯೊಳಗೂ ಹಾಗೇನಂತೆ. ಟೆನ್ಶನ್ ಆದ್ರೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರುತ್ತೆ. ಮೊದಲು ಜೀವ ಉಳಿಸ್ಕೊ, ಮಿಕ್ಕಿದ್ದು ಆಮೇಲೆ ನೋಡೋಣ ಅನ್ನುತ್ತೆ. ಆಗ ಅಂಡಾಶಯಕ್ಕೆ ಮಿದುಳಿಂದ ಬರೋ ಹುಕುಂ ಸರಿಯಾಗಿ ಬರಲ್ಲ. ಮುಟ್ಟು ಹಿಂದೆಮುಂದೆ ಆಗುತ್ತೆ, ಕೆಲವರಿಗೆ ನಿಂತೇಹೋಗುತ್ತೆ."

"ಬೆಂಕಿ ಆರಿದ ಮೇಲೆ ವಾಪಸ್ ಬಂದು ಒಲೆ ಹಚ್ತಾರಲ್ಲ?"

"ಆರಿದ್ರೆ ತಾನೆ. ಜೊತೆಗಿದ್ದವಳು ಕೆಲಸ ಬಿಟ್ಟು ಹೋದಾಗಿಂದ ಅವಳ ಪಾಳೀನೂ ನಂದೇ. ಮನೆಗೆ ಬಂದ್ರೂ ಕಿವೀಲಿ ಅದೇ ಗಂಟೆ."

ಅತ್ತೆ ಅವಳನ್ನೇ ನೋಡಿದರು. "ಅದಕ್ಕೇನಾ ನಿದ್ದೇಲಿ 'ವಿಳಾಸ ಹೇಳಿ, ಬೇಗ ವಿಳಾಸ ಹೇಳಿ' ಅಂತ ಕನವರಿಸೋದು? ನಾನು ಅದನ್ನ ಬಸುರಿ ಬಯಕೆ ಅಂದ್ಕೊಂಡಿದ್ದೆ."

ಸೊಸೆಗೆ ಫಕ್ಕನೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. "ನಿಮಗೆ ಬೇಜಾರಾಯ್ತಲ್ವಾ?"

"ಆಗದೆ ಏನು? ಬೆಳಿಗ್ಗೆಯಿಂದ ತಿಕ್ಕಿ ತಿಕ್ಕಿ ಸೊಂಟ ಬಿದ್ದುಹೋಗಿದೆ." ಅತ್ತೆ ಕೈಯ ಧೂಳು ಕೊಡವಿಕೊಂಡರು. ಮುಖ ಸ್ವಲ್ಪ ಬಾಡಿದ್ದು ಸೊಸೆಯ ಕಣ್ಣಿಗೆ ಬೀಳದೆ ಇರಲಿಲ್ಲ. "ಔಷಧಿ ಏನು ಕೊಟ್ರು?"

"ಸದ್ಯಕ್ಕೆ ಔಷಧಿ ಬೇಡ ಅಂದ್ರು. ಬೇರೆ ತೊಂದರೆ ಏನೂ ಕಾಣ್ತಿಲ್ವಂತೆ. ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ, ಒಂದೇ ಪಾಳಿ. ಠಾಣೆ ಸಾಹೇಬರಿಗೆ ಆಗಲೇ ಫೋನ್ ಮಾಡಿ ಹೇಳಿದೀನಿ. ಮುಂದಿನ ತಿಂಗಳು ಮತ್ತೆ ತೋರಿಸ್ಬೇಕು."

"ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀಯ? ಹೋಗಿ ಮಲ್ಕೋ."

"ಈಗಲಾ? ಅಡುಗೆ..."

"ಅಡುಗೆ ಏನು, ನಿಮ್ಮ ಠಾಣೆಯವರು ಬಂದು ಮಾಡ್ತಾರಾ? ನಾನಿಲ್ವಾ?"

ಸೊಸೆ ಕೋಣೆಯವರೆಗೂ ಹೋಗಲಿಲ್ಲ. ನಡುಮನೆಯ ಸೋಫಾದ ಮೇಲೆ ಬೂಟು ಸಮೇತ ಒರಗಿದವಳ ಕಣ್ಣುಗಳು ಭಾರವಾಗಿ ಮುಚ್ಚಿಕೊಂಡವು. ಯಾರೋ ಬೂಟಿನ ದಾರ ಬಿಚ್ಚುತ್ತಿದ್ದರು. ಯಾರೋ ಫೋನಿನ ಬಾಯಿ ಮುಚ್ಚಿಸಿ ಆಚೆ ಇಟ್ಟರು. ಹೊದಿಕೆಯೊಂದು ಕುತ್ತಿಗೆಯವರೆಗೆ ಬಂತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ, ಬೆಳಗಿನಿಂದ ಕೇಳುತ್ತಿದ್ದ ಗಸಗಸ ಸದ್ದಿನ ಮೂಲ ಹುಡುಕುತ್ತ ಬಾಗಿಲಿಗೇ ಬಂದರು. ತೊಟ್ಟಿಲು ಕಂಡದ್ದೇ ತಡ, ಅವರ ದನಿ ಏರಿತು. "ಅಯ್ಯೋ, ತೊಟ್ಟಿಲು ಇಳಿಸಿದೀರಾ? ನಮಗೆ ಹೇಳ್ಲೇ ಇಲ್ಲ. ಎಲ್ರೀ ಮಗು?"

ಅರೆನಿದ್ದೆಯಲ್ಲಿದ್ದ ಸೊಸೆ ಕಣ್ಣು ತೆರೆಯದೆ ಉಸಿರು ಬಿಗಿಹಿಡಿದಳು.

"ಸ್ವಲ್ಪ ಮೆಲ್ಲಗೆ ಮಾತಾಡ್ರೀ," ಅತ್ತೆಯ ಪಿಸುದನಿ ಕೇಳಿಸಿತು. "ಈಗ ತಾನೆ ಮಲಗಿದೆ."