ಬಂದರಿಗೆ ಮಾತ್ರ ಬೇಡ

"ಬಂದರಿನ ಗೋದಾಮಿಗೆ ಮಾತ್ರ ಬೇಡ ಸರ್!" ಕಿರಿಯ ಭೂವಿಜ್ಞಾನಿ ವಾರಿಜಾಕ್ಷಿಯ ದನಿ ಕಚೇರಿಯ ಮೆಟ್ಟಿಲಿಳಿದು ಫಳ್ನೀರ್ ರಸ್ತೆಗೂ ಕೇಳಿಸಿತು. "ಅಳಿವೆಯ ಉಪ್ಪುಗಾಳಿ ನೇರ ಒಳಗೆ ಬರ್ತದೆ. ಅಲ್ಲಿಟ್ಟು ಮುಚ್ಚಳ ತೆಗೆದರೆ ಮಳೆಗಾಲ ಮುಗಿಯುವಾಗ ಪೈರೈಟ್ ಉಳಿಯುದಿಲ್ಲ."

ಮುಖ್ಯ ಭೂವಿಜ್ಞಾನಿ ಮಹಾಬಲ ನಿಧಾನವಾಗಿ ಕನ್ನಡಕ ಒರೆಸಿಕೊಂಡ. ೧೯೭೯ರ ಮೇ ತಿಂಗಳು. ಕಚೇರಿಯ ಹಿಂದಿನ ಕೋಣೆ ಖಾಲಿಯಾಗಬೇಕಿತ್ತು. ಘಟ್ಟದಾಚೆಯ ಗಣಿಯಿಂದ ಬಂದ ಕಲ್ಲಿನ ಮಾದರಿಗಳ ಮರದ ಪೆಟ್ಟಿಗೆಗಳಿಗೆ ಅವನು ಕಡಲಿನಿಂದ ದೂರ, ಬಜಪೆಯ ಗುಡ್ಡದ ಮೇಲೆ ಒಂದು ಶೆಡ್ಡು ನೋಡಿಟ್ಟಿದ್ದ.

"ಇದು ಮೀನಲ್ಲ ಮಾರಾಯ್ತಿ, ಕಲ್ಲು," ಎಂದ. "ಗಾಳಿಗೆ ಹಳಸುದಿಲ್ಲ."

ಕೋಣೆಯಲ್ಲಿದ್ದವರು ನಕ್ಕರು. ವಾರಿಜಾಕ್ಷಿಯ ತಾಯಿ ಅಪ್ಪಿ ಬಂದರಿನಲ್ಲಿ ಮೀನು ಮಾರುವವಳೆಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಲಾರಿ ಬಂದರಿಗೇ ಹೋಯಿತು. ಮುಚ್ಚಳಗಳನ್ನು ಕೀಳಿಸಿದ್ದೂ ಆಯಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಫ್ಯಾನಿನ ಗಾಳಿಗೆ ನಕ್ಷೆ ಹಾರುತ್ತದೆ ಎಂದು ಅವಳು ದೂರಿದಾಗ ಅವಳ ಮೇಜನ್ನು ಫ್ಯಾನಿನ ಕೆಳಕ್ಕೇ ಎಳೆಸಿದ ಮನುಷ್ಯ ಅವನು.

ಗಣಿಯಲ್ಲಿ ಚಿನ್ನ ಮುಗಿಯಿತು, ಆಳದಲ್ಲೂ ಏನಿಲ್ಲ, ಮುಚ್ಚಿಬಿಡಿ ಎಂದು ವರದಿ ಕೊಟ್ಟವನು ಮಹಾಬಲ. ಮುಚ್ಚಿದರೆ ನಾಲ್ಕು ನೂರು ಮನೆಗಳ ಒಲೆ ಆರುತ್ತಿತ್ತು. ಕೊರೆಯುವ ಯಂತ್ರ ನೆಲದಡಿಯಿಂದ ತಂದ ಕಲ್ಲಿನ ಕೋಲುಗಳನ್ನು ವಾರಿಜಾಕ್ಷಿ ನೋಡಿದ್ದಳು. ಚಿನ್ನವಿರಲಿಲ್ಲ, ನಿಜ. ಪೈರೈಟ್ ಇತ್ತು. ಪೆದ್ದರ ಚಿನ್ನ ಎಂದು ಜನ ನಗುವ ಹಳದಿ ಖನಿಜ. ಮೇಲಿನ ಪದರಗಳಲ್ಲಿ ಅದು ದಪ್ಪ ದಾಳದ ಹಾಗೆ, ಕನ್ನಡಿಯ ಹೊಳಪು. ಇಳಿದಂತೆಲ್ಲ ಹರಳು ಸಣ್ಣದಾಗಿ, ಮಂಕಾಗಿ, ಸೊಟ್ಟಗಾಗಿತ್ತು. ಆ ಮಂಕು ಹರಳಿನಲ್ಲಿ ಆರ್ಸೆನಿಕ್ ಬೆರೆತಿದ್ದರೆ ಯಂತ್ರ ನಿಂತ ಜಾಗದಿಂದ ಇನ್ನಷ್ಟು ಕೆಳಗೆ ಚಿನ್ನವಿರಬೇಕು. ಒಂದು ಪರೀಕ್ಷೆ ಸಾಕಿತ್ತು. ಅವಳು ಕೇಳಿದಾಗಲೆಲ್ಲ ಮಹಾಬಲ ಬೇಡ ಎಂದ. ಒಂದು ಚೂರು ಹೊರಗೆ ಹೋದರೂ ಕಳ್ಳತನದ ಕೇಸು ಹಾಕಿಸುತ್ತೇನೆಂದ.

ಮಳೆ ಹಿಡಿಯಿತು. ವಾರಿಜಾಕ್ಷಿ ಸಂಜೆ ತಾಯಿಯನ್ನು ಕರೆತರಲು ಹೋದಾಗ ಗೋದಾಮಿನ ಕಿಟಕಿಯ ಸರಳು ಹಿಡಿದು ಒಳಗೆ ನೋಡುತ್ತಿದ್ದಳು. ಹಿಡಿದ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು. ಅಪ್ಪಿ ಉಳಿದ ಬೂತಾಯಿ ಮೀನುಗಳನ್ನು ಬುಟ್ಟಿಯಿಂದ ಹೆಕ್ಕಿ ಎಸೆಯುತ್ತ ಗೊಣಗುತ್ತಿದ್ದಳು. "ಕೊಬ್ಬಿದ್ದದ್ದೇ ಮೊದಲು ಹಾಳಾಗುದು. ಬಡಕಲು ಮೀನಿಗೆ ಎಂತ ಆಗ್ತದೆ?" ಒಮ್ಮೆ ತಲೆಯೆತ್ತಿ ಕೇಳಿದಳು, "ನಿನ್ನ ಕಲ್ಲೂ ಹಾಳಾಗ್ತಾ ಉಂಟಂತೆ. ಸಿಟ್ಟು ಬರುದಿಲ್ವಾ?"

"ದಿನಾ ಬರ್ತದೆ," ಎಂದಳು ವಾರಿಜಾಕ್ಷಿ.

ಅಕ್ಟೋಬರಿನಲ್ಲಿ ಕಂಪೆನಿಯ ನಿರ್ದೇಶಕ ಮೋಹನದಾಸ ಬಂದರು. ಗಣಿ ಮುಚ್ಚುವುದೋ ಬಿಡುವುದೋ ಅಂದೇ ತೀರ್ಮಾನವಾಗಬೇಕು. ಕೊನೆಯದಾಗಿ ಕಲ್ಲು ನೋಡುತ್ತೇನೆಂದರು.

ಗೋದಾಮಿನ ಬಾಗಿಲು ತೆರೆದಾಗ ಗೀರಿದ ಬೆಂಕಿಕಡ್ಡಿಯ ವಾಸನೆ ಮೂಗಿಗೆ ಬಡಿಯಿತು. ಹಿಂಗೋಡೆಯ ಬಳಿಯಿದ್ದ ಆಳದ ಕೋಲುಗಳ ಪೆಟ್ಟಿಗೆಗಳಲ್ಲಿ ಕಲ್ಲು ಬಿರಿದು ಬಿಳಿ ಹುಡಿಯಾಗಿತ್ತು.

"ಇಕೊಳ್ಳಿ, ಇವಳ ಆಳದ ಚಿನ್ನ," ಎಂದ ಮಹಾಬಲ. "ಬೂದಿ."

ವಾರಿಜಾಕ್ಷಿಯ ಕೆನ್ನೆ ಕೆಂಪಾಗಿತ್ತು. "ಇವನ್ನು ಮಾತ್ರ ತೆರೆದಿಟ್ಟಿರಾ ಸರ್? ಇವಕ್ಕೆ ಮಾತ್ರ ನೀರು ಸೋರಿತಾ?"

ನಿರ್ಲಕ್ಷ್ಯದ ಆರೋಪ ಬರುತ್ತದೆಂದು ಅವನಿಗೆ ಗೊತ್ತಿತ್ತು. ಉತ್ತರ ಸಿದ್ಧವಿತ್ತು. "ಎಲ್ಲ ಪೆಟ್ಟಿಗೆಗೂ ಒಂದೇ ಹೆಂಚಿನ ಮಾಡು, ಒಂದೇ ಗಾಳಿ. ಒಂದು ಹನಿ ಸೋರ್ಲಿಲ್ಲ. ಎಲ್ಲದರ ಮುಚ್ಚಳ ಒಂದೇ ದಿನ ತೆಗೆಸಿದ್ದು. ನಾನು ಭೇದ ಮಾಡುವವನಲ್ಲ."

"ನಿರ್ದೇಶಕರ ಎದುರು ಹೇಳ್ತಿದ್ದೀರಿ."

"ದೇವರ ಎದುರೂ ಹೇಳ್ತೇನೆ."

ಅವಳು ಮೋಹನದಾಸರನ್ನು ಬಾಗಿಲ ಬಳಿಗೆ ಕರೆದೊಯ್ದಳು. ಉಪ್ಪುಗಾಳಿ ಮೊದಲು ಬಡಿಯುವ ಜಾಗ ಅದು. ಅಲ್ಲಿದ್ದ ಮೇಲ್ಪದರದ ದಾಳಗಳು ನಿನ್ನೆ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಅಲ್ಲಿಂದ ಒಳಗೆ ನಡೆದಂತೆ, ಪೆಟ್ಟಿಗೆಯ ಮೇಲೆ ಬರೆದ ಆಳ ಹೆಚ್ಚಿದಂತೆ, ಹುಡಿಯೂ ಹೆಚ್ಚಿತು.

"ಶುದ್ಧ ಪೈರೈಟ್ ಈ ಗಾಳಿಗೆ ಇಷ್ಟು ಬೇಗ ಹೆದರುದಿಲ್ಲ ಸರ್," ಎಂದಳು. "ಆರ್ಸೆನಿಕ್ ಹೊಕ್ಕಿದ್ದೇ ಮೊದಲು ಬಿರಿಯುದು. ಚಿನ್ನ ಅದರ ಬೆನ್ನಿಗೇ ಬರುದು."

ಮೋಹನದಾಸ ಕೊನೆಯ ಪೆಟ್ಟಿಗೆಯ ಮುಂದೆ ಬಾಗಿದರು. ಒಂದು ಹಿಡಿ ಹುಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಇದನ್ನು ತಾನೇ ಪರೀಕ್ಷೆಗೆ ಕೊಡುವೆನೆಂದೂ, ಗಣಿ ಮುಚ್ಚುವ ಮಾತು ನಿಲ್ಲಲಿ ಎಂದೂ, ಯಂತ್ರ ಅದೇ ತೂತಿನಲ್ಲಿ ಇನ್ನೂ ಕೆಳಗಿಳಿಯಲಿ ಎಂದೂ ಹೇಳಿದರು. ಆ ಪೆಟ್ಟಿಗೆಗಳಿಗೆ ಮಾತ್ರ ನೀರು ಸೋರಿತ್ತು ಎಂದು ಮಹಾಬಲ ಈಗ ಹೇಳುವಂತಿರಲಿಲ್ಲ. ಅವನ ಮಾತುಗಳೇ ಅವನಿಗೆ ಅಡ್ಡ ನಿಂತಿದ್ದವು.

ಹೊರಗೆ ಬಂದಾಗ ಮೋಹನದಾಸ ಅವಳತ್ತ ತಿರುಗಿದರು. "ಇಲ್ಲಿಗೆ ಬೇಡ ಅಂತ ನೀವು ಕೂಗಾಡಿದ್ರಂತೆ. ಇವರು ಕೇಳದೇ ಇದ್ದದ್ದೇ ಒಳ್ಳೇದಾಯ್ತು ನೋಡಿ."

"ಕೂಗಲೇಬೇಕಿತ್ತು ಸರ್," ಎಂದಳು ವಾರಿಜಾಕ್ಷಿ. "ನಾನು ಸುಮ್ಮನಿದ್ದಿದ್ದರೆ ಇವರು ಬಜಪೆಗೆ ಕಳಿಸಿಬಿಡ್ತಿದ್ದರು."