ಗುಡ್ಡದ ಮೇಲಿನ ಕ್ಯಾಂಪಸ್

ಹೇಮಕ್ಕ ಎದುರು ಸಿಕ್ಕಿಬಿಟ್ಟರೆ ಏನು ಹೇಳುವುದು? ಶಾಲ್ಮಲಿಯ ಡೈರಿಯ ತುಂಬ ಇದೊಂದೇ ಚಿಂತೆ.

ಜಪಾನಿನ ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕನ್ನಡದವರು ಅವರಿಬ್ಬರೇ. ಇನ್ನೊಂದು ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದ ಹೇಮಕ್ಕ ಶನಿವಾರ ಶನಿವಾರ ಊಟಕ್ಕೆ ಕರೆದು, ಬಂದ ಹತ್ತು ಜನರ ಮುಂದೆ ಶಾಲ್ಮಲಿಯಿಂದ ಹಾಡಿಸುತ್ತಿದ್ದರು. ತಪ್ಪಿಸಿಕೊಳ್ಳಲು ಅವಳೊಂದು ಸುಳ್ಳು ಹೇಳಿದ್ದಳು: "ನಮ್ಮ ಲ್ಯಾಬನ್ನ ಗುಡ್ಡದ ಮೇಲಿನ ಹೊಸ ಕ್ಯಾಂಪಸ್‌ಗೆ ಹಾಕಿದ್ದಾರೆ ಅಕ್ಕಾ. ಎರಡು ರೈಲು ಬದಲಾಯಿಸಬೇಕು." ಅಂದಿನಿಂದ ಊರೊಳಗಿನ ಹಳೆಯ ಕ್ಯಾಂಪಸ್‌ನಲ್ಲೇ ಗ್ರಂಥಾಲಯದ ಹಿಂದಿನ ದಾರಿ ಹಿಡಿದು ಕಳ್ಳಿಯಂತೆ ಓಡಾಡುತ್ತಿದ್ದಳು.

ಏಪ್ರಿಲ್‌ನಲ್ಲಿ ಹೇಮಕ್ಕನ ಫೋನ್ ಬಂತು.

"ಅಲ್ಲಿ ಒಬ್ಬಳೇ ಕೂತು ತಣ್ಣನೆ ಅನ್ನ ತಿಂತಿರ್ತೀಯ ಅಂತ ನನಗೆ ತುತ್ತು ಇಳೀತಿರ್ಲಿಲ್ಲ ಕಣೇ."

"ಹಾಗೇನಿಲ್ಲ ಅಕ್ಕಾ..."

"ಸುಮ್ನಿರು. ಹೊಸ ಕ್ಯಾಂಪಸ್‌ಗೆ ಯಾರು ಹೋಗ್ತೀರಿ ಅಂತ ನಮ್ಮ ಪ್ರೊಫೆಸರ್ ಕೇಳಿದ್ರು. ಒಬ್ರೂ ಕೈ ಎತ್ತಲಿಲ್ಲ. ನಾನು ಎತ್ತಿಬಿಟ್ಟೆ! ಮನೆ ಸಾಮಾನೂ ಸಾಗಿಸಿ ಆಯ್ತು. ಈಗ ಬಿಸಿಬೇಳೆಬಾತ್ ಡಬ್ಬಿ ಹಿಡ್ಕೊಂಡು ಗೇಟಲ್ಲೇ ನಿಂತಿದ್ದೀನಿ. ನಿನ್ನ ಬಿಲ್ಡಿಂಗ್ ಯಾವುದೇ?"

ಶಾಲ್ಮಲಿ ಗ್ರಂಥಾಲಯದ ಗೋಡೆಗೆ ಒರಗಿಕೊಂಡಳು.

"ಅಕ್ಕಾ, ನಾನು ಆ ಗುಡ್ಡವನ್ನ ಇವತ್ತಿನವರೆಗೂ ನೋಡೇ ಇಲ್ಲ."